ಓಡಿಲಾನನ ಗೂಡು, ಪಕ್ಷದ ಸೂರು

ಪುರಸಭೆಯಿಂದ ಕಾಗದ ಬಂದ ದಿನ ಓಡಿಲಾನ್ ಬಾಕಲಾಂಟ್ ಊಟ ಬಿಟ್ಟ. ಮದುವೆಯಾದ ನಲವತ್ತೊಂದು ವರ್ಷಗಳಲ್ಲಿ ಅವನು ಊಟ ಬಿಟ್ಟದ್ದು ಅದು ಎರಡನೆಯ ಸಲ. ಮೊದಲನೆಯ ಸಲ ಬಿಟ್ಟದ್ದು ಬಾರ್ಸಿಲೋನಾದಿಂದ ಮನೆಗೆ ಹಾರಿಬರುವ ಪಂದ್ಯಕ್ಕೆ ಹೋದ ಅವನ ನೀಲಿ ಗಂಡು ಪಾರಿವಾಳ ವಾಪಸು ಬಾರದಿದ್ದಾಗ. ಹೆಂಡತಿ ಗೋಡಲೀವಳ ತಾಯಿ ತೀರಿಕೊಂಡ ದಿನವೂ ಈ ಅಳಿಯರಾಯ ಎರಡು ತಟ್ಟೆ ಮೊಲದ ಮಾಂಸ ಉಂಡಿದ್ದ, ಅದನ್ನು ಅವಳು ಇನ್ನೂ ಮರೆತಿರಲಿಲ್ಲ.

ಕಾಗದದಲ್ಲಿ ಇದ್ದದ್ದು ಇಷ್ಟೇ: ಲೀರ್‌ಹೋವದ ಕಾಪೆಲ್ ಬೀದಿಯ ಹದಿನೇಳನೇ ನಂಬರಿನ ಹಿತ್ತಲಲ್ಲಿ ಪಾರಿವಾಳಗಳಿಗಾಗಿ ಕಟ್ಟಿರುವ ಮರದ ಗೂಡಿಗೆ ಪರವಾನಗಿ ಇಲ್ಲ, ಪಕ್ಕದ ಮನೆಯವರಿಂದ ದೂರು ಬಂದಿದೆ, ಒಂದು ವರ್ಷದೊಳಗೆ ಪರವಾನಗಿ ಪಡೆಯತಕ್ಕದ್ದು, ಇಲ್ಲವೇ ಕೆಡವತಕ್ಕದ್ದು. ಗೂಡು ಎಂದರೆ ಅದೇನು ಡಬ್ಬಿಯಂಥ ಗೂಡಲ್ಲ. ಹನ್ನೆರಡು ಮೀಟರ್ ಉದ್ದ, ಮೇಲೆ ಹೆಂಚು, ವರ್ಷಕ್ಕೊಮ್ಮೆ ಹಸಿರು ಬಣ್ಣ. ಓಡಿಲಾನ್ ಕಾರ್ಪೆಟ್ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದು, ಸಂಜೆಗೊಂದಿಷ್ಟು ಹಲಗೆ ಹೊಡೆದು ಅದನ್ನು ಕಟ್ಟಿದ್ದ. ಆ ಕಾಲದಲ್ಲಿ ಹಿತ್ತಲಿನ ಗೂಡಿಗೆ ಪರವಾನಗಿ ಕೇಳಲು ಹೋಗಿದ್ದರೆ ಊರವರು ಅವನನ್ನು ಹುಚ್ಚನೆನ್ನುತ್ತಿದ್ದರು. ದೂರು ಕೊಟ್ಟವರು ಗೆಂಟ್ ಪಟ್ಟಣದಿಂದ ಬಂದು ಪಕ್ಕದಲ್ಲಿ ಮನೆ ಮಾಡಿದ ವಕೀಲ ದಂಪತಿ. ಹಳ್ಳಿಯ ಗಾಳಿ ಬೇಕೆಂದು ಬಂದವರಿಗೆ ಆ ಗಾಳಿಯಲ್ಲಿ ಗರಿಯೂ ಹಾರುತ್ತದೆಂದು ಯಾರೂ ಹೇಳಿರಲಿಲ್ಲ.

"ನಲವತ್ತು ಹಕ್ಕಿ ಇದಾವೆ. ಎಲ್ಲಿಗೆ ಕಳಿಸ್ಲಿ?" ಎಂದ ಓಡಿಲಾನ್.

"ಮಾರಿಬಿಡು."

"ಮಾರಿದ್ರೆ ಮುಗೀತಾ? ಕೊಂಡವನು ಬಾಗಿಲು ತೆಗೆದ ದಿನ ಎಲ್ಲಾ ಇಲ್ಲಿಗೇ ಬಂದು ಕೂರ್ತವೆ. ಹುಟ್ಟಿದ ಗೂಡು ಬಿಟ್ರೆ ಪಾರಿವಾಳಕ್ಕೆ ಬೇರೆ ಮನೆ ಗೊತ್ತಿಲ್ಲ ಗೋಡಲೀವ."

"ನಿನಗೂ ಗೊತ್ತಿಲ್ಲ ಬಿಡು. ದಿನಕ್ಕೆ ಹತ್ತು ಗಂಟೆ ಅಲ್ಲೇ ಬಿದ್ದಿರ್ತೀಯ," ಎಂದು ಅವಳು ತಟ್ಟೆ ಎತ್ತಿಕೊಂಡು ಹೋದಳು. ಅಡುಗೆಮನೆಯ ಕಿಟಕಿಯಿಂದ ಗೂಡನ್ನೊಮ್ಮೆ ನೋಡಿ ನಿಟ್ಟುಸಿರು ಬಿಟ್ಟದ್ದು ಅವನಿಗೆ ಕಾಣಲಿಲ್ಲ.

ಇಂಥ ಸಂಕಟದ ವಾಸನೆ ಹಿಡಿದು ಮೂರನೆಯ ದಿನವೇ ಬಾಗಿಲು ತಟ್ಟಿದವನು ಡೀಡರಿಕ್ ಲಾಮರ್ಟೈನ್. ಊರಿನ ವಿಮಾ ಏಜೆಂಟ್, ಜೊತೆಗೆ 'ಸ್ವಂತ ಸೂರು' ಪಕ್ಷದ ಸ್ಥಳೀಯ ಮುಖಂಡ. ಹಿಂದಿನ ಚುನಾವಣೆಯಲ್ಲಿ ಆ ಪಕ್ಷಕ್ಕೆ ಲೀರ್‌ಹೋವದ ಪುರಸಭೆಯಲ್ಲಿ ಸಿಕ್ಕಿದ್ದು ಎರಡೇ ಸೀಟು. ಒಂದರಲ್ಲಿ ಡೀಡರಿಕ್, ಇನ್ನೊಂದರಲ್ಲಿ ಅವನ ಷಡ್ಡಕ. ಆಮೇಲಿನ ಐದು ವರ್ಷಗಳಲ್ಲಿ ಪಕ್ಷ ಹೇಗೆ ಬೆಳೆಯಿತೆಂದು ರಾಜಧಾನಿ ಬ್ರಸೆಲ್ಸಿನ ಪಂಡಿತರು ಟೀವಿಯಲ್ಲಿ ಗಂಟೆಗಟ್ಟಲೆ ಕೊರೆಯುತ್ತಾರೆ. ಲೀರ್‌ಹೋವದ ಯಾವ ಅಡುಗೆಮನೆಯಲ್ಲಿ ಕೇಳಿದರೂ ಒಂದು ನಿಮಿಷದಲ್ಲಿ ಹೇಳಿಯಾರು. ಡೀಡರಿಕ್ ಮನೆಮನೆಗೂ ಹೋಗಿ, ಕಾಫಿ ಕುಡಿದು, ಪ್ರತಿಯೊಬ್ಬರ ದೂರನ್ನೂ ತಲೆಯಾಡಿಸಿ ಕೇಳಿದ. ಬಸ್ಸು ತಡವಾಗುವುದಕ್ಕೆ ಬ್ರಸೆಲ್ಸ್ ಕಾರಣ, ತೆರಿಗೆ ಏರುವುದಕ್ಕೆ ಭಾಷೆಯ ಗಡಿಯಾಚೆ ಅದೇ ದೇಶದಲ್ಲಿ ಫ್ರೆಂಚ್ ಮಾತಾಡುವ ವಲೋನರು ಕಾರಣ, ಉಳಿದದ್ದಕ್ಕೆಲ್ಲ ಹಳೆಯ ಬ್ರಷ್ ಕಾರ್ಖಾನೆಯ ಹಿಂದೆ ಶೆಡ್ಡು ಕಟ್ಟಿಕೊಂಡು ನಮಾಜು ಮಾಡುವ ತುರ್ಕಿಗಳು ಕಾರಣ ಎಂದು ಸಮಾಧಾನ ಹೇಳಿದ. ಹೆದರಿಕೆ ಮಾರುವುದು ಅವನಿಗೆ ಹೊಸ ಕಸುಬಲ್ಲ. ಮೊದಲು ಬೆಂಕಿ, ಕಳ್ಳತನ, ಆಲಿಕಲ್ಲು ತೋರಿಸಿ ಪಾಲಿಸಿ ಮಾಡಿಸುತ್ತಿದ್ದ. ಈಗ ಸರಕು ಬದಲಾಗಿತ್ತು, ಚೀಲ ಅದೇ.

"ಓಡಿಲಾನ್ ಅವರೇ," ಎಂದು ಅವನು ಕಾಗದ ಓದಿ ಕಣ್ಣಂಚು ಒರೆಸಿಕೊಂಡ. "ಇದು ಬರೀ ಗೂಡಲ್ಲ. ಇದು ನಮ್ಮ ಅಜ್ಜಂದಿರ ಸಂಸ್ಕೃತಿ. ನಾವು ಬಂದ್ರೆ ಇದರ ಒಂದು ಮೊಳೆ ಕೂಡ ಯಾರೂ ಮುಟ್ಟಲ್ಲ. ನನ್ನ ಮಾತು."

"ಬರೆದು ಕೊಡ್ತೀರಾ?" ಎಂದಳು ಗೋಡಲೀವ.

"ಅಮ್ಮಾ, ಮಾತು ಅಂದ್ರೆ ಮಾತು."

"ನಮ್ಮ ಮನೆಗೆ ನೀರು ನುಗ್ಗಿದಾಗಲೂ ನೀವು ಹಿಂಗೇ ಅಂದಿದ್ರಿ. ಆಮೇಲೆ ಪಾಲಿಸಿಯ ಹಿಂಬದಿ ಸಣ್ಣ ಅಕ್ಷರ ತೋರಿಸಿದ್ರಿ."

ಓಡಿಲಾನ್ ಹೆಂಡತಿಗೆ ಕಣ್ಣು ಬಿಟ್ಟ. ಡೀಡರಿಕ್ ನಕ್ಕು, ಕೆಲಸದ ಮಾತಿಗೆ ಬಂದ. ಅಕ್ಟೋಬರಿನ ಚುನಾವಣೆಗೆ ಇಪ್ಪತ್ತೊಂದು ಹೆಸರಿನ ಪಟ್ಟಿ ಬೇಕು. ಕೊನೆಯ ಜಾಗಕ್ಕೆ ಊರಿಗೆ ಬೇಕಾದ ಒಂದು ಮುಖ ಬೇಕು. ಸೀಟು ಪಟ್ಟಿಯ ಮೇಲಿನ ಹೆಸರುಗಳಿಗೇ ಹೋಗುವುದು ವಾಡಿಕೆ, ಕೊನೆಯವನು ಗೆಲ್ಲುವುದಕ್ಕಲ್ಲ, ಪಕ್ಷಕ್ಕೆ ಓಟು ಎಳೆಯುವುದಕ್ಕೆ. ಪಾರಿವಾಳದ ಕ್ಲಬ್ಬಿಗೆ ಇಪ್ಪತ್ತು ವರ್ಷ ಅಧ್ಯಕ್ಷನಾಗಿದ್ದ ಓಡಿಲಾನನಿಗಿಂತ ಒಳ್ಳೆಯ ಮುಖ ಯಾವುದು?

"ಕೊನೇಲಿ ನಿಂತ್ಕೊಂಡ್ರೆ ಸಾಕು. ಆಮೇಲಿನ ತಾಪತ್ರಯ ಏನೂ ಇಲ್ಲ."

"ಕೊನೇಲಿ ನಿಲ್ಲೋದು ಅವನಿಗೆ ರೂಢಿ ಇದೆ ಬಿಡಿ. ನಮ್ಮ ಮದುವೆ ಫೋಟೋದಲ್ಲೂ ಹಂಗೇ ನಿಂತಿದಾನೆ," ಎಂದಳು ಗೋಡಲೀವ.

ಓಡಿಲಾನ್ ಸಹಿ ಹಾಕಿದ. ಗೂಡಿಗಾಗಿ ಹಾಕಿದ ಎಂದು ಅವನು ಹೇಳಿಕೊಂಡು ತಿರುಗಿದ, ಅದು ಸುಳ್ಳೂ ಅಲ್ಲ. ಆದರೆ ತನ್ನ ಮುಖವನ್ನು ಊರಿನ ಲೈಟುಕಂಬಗಳ ಮೇಲೆ, ಫ್ಲೆಮಿಶ್ ಮಾತಾಡುವ ತಮ್ಮ ನಾಡಿನ ಹಳದಿ ಬಾವುಟದ ಕರಿ ಸಿಂಹದ ಕೆಳಗೆ ನೋಡಿದಾಗ ಅವನ ಎದೆ ಎರಡಂಗುಲ ಉಬ್ಬಿದ್ದೂ ನಿಜ. ಸಭೆಗಳಿಗೆ ಹೋಗತೊಡಗಿದ. ಶೆಡ್ಡು ಕೆಡವುತ್ತೇವೆ ಎಂದು ಡೀಡರಿಕ್ ಗುಡುಗಿದಾಗ ಎಲ್ಲರ ಜೊತೆ ಚಪ್ಪಾಳೆಯನ್ನೂ ತಟ್ಟಿದ. ಆ ಶೆಡ್ಡಿನಲ್ಲಿ ಮಂಡಿಯೂರುತ್ತಿದ್ದವರಲ್ಲಿ ನೆವ್ಜಾತ್ ಎಂಬವನು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಪಕ್ಕದ ಮಗ್ಗದಲ್ಲಿದ್ದವನು ಎಂಬುದು ಚಪ್ಪಾಳೆಯ ಹೊತ್ತಿಗೆ ಅವನಿಗೆ ನೆನಪಾಗುತ್ತಿರಲಿಲ್ಲ.

ಓಡಿಲಾನನ ಗೂಡಿನಲ್ಲಿ ಒಂದು ಹಕ್ಕಿ ಮಾತ್ರ ಎಂದೂ ಹೊರಗೆ ಹಾರುತ್ತಿರಲಿಲ್ಲ. ಕೊರಳ ಸುತ್ತ ನೇರಳೆ ಹೊಳಪು, ನಡೆಯುವಾಗ ಎದೆ ಮುಂದೆ. ಅದಕ್ಕೇ ಅದರ ಹೆಸರು ಬಿಷಪ್. ಆರು ವರ್ಷದ ಹಿಂದೆ ಬೇನೆ ಬಂದು ಅರ್ಧ ಗೂಡು ಖಾಲಿಯಾದಾಗ, ಎವಾರಿಸ್ತ್ ಎಂಬ ಗೆಳೆಯ ತನ್ನ ಎಲ್ಲಕ್ಕಿಂತ ಒಳ್ಳೆಯ ಎರಡು ವರ್ಷದ ಗಂಡನ್ನು ಬುಟ್ಟಿಯಲ್ಲಿಟ್ಟು ತಂದು, "ಇದರಿಂದ ಮತ್ತೆ ಶುರು ಮಾಡು" ಎಂದು ಕೊಟ್ಟು ಹೋಗಿದ್ದ. ಎವಾರಿಸ್ತ್ ವಲೋನ. ಎಪ್ಪತ್ತು ಕಿಲೋಮೀಟರ್ ತೆಂಕಣಕ್ಕೆ, ಗಣಿಗಳ ಸೀಮೆಯವನು. ಇಬ್ಬರೂ ಸೈನ್ಯದ ಕಡ್ಡಾಯ ಸೇವೆಯಲ್ಲಿ ಜರ್ಮನಿಯಲ್ಲಿ ಕೂತು ಒಂದೇ ಬಕೆಟ್ಟಿಗೆ ಆಲೂಗಡ್ಡೆ ಹೆರೆದವರು. ಅವನಿಗೆ ಅರೆಬರೆ ಫ್ಲೆಮಿಶ್, ಇವನಿಗೆ ಬೈಗುಳದಷ್ಟು ಫ್ರೆಂಚ್. ಪಾರಿವಾಳದ ಮಾತಿಗೆ ಅಷ್ಟು ಧಾರಾಳವಾಗಿ ಸಾಕು. ಬಿಷಪ್ಪಿನ ಮರಿಗಳು ಫ್ರಾನ್ಸಿನಿಂದ ಹಾರಿ ಬಂದು ಓಡಿಲಾನನಿಗೆ ಪಂದ್ಯದ ಕಪ್ಪುಗಳನ್ನು ತಂದವು. ಬಿಷಪ್ ಮಾತ್ರ ಸದಾ ಜಾಲರಿಯ ಒಳಗೆ. ಬೇರೆ ಗೂಡಿನಲ್ಲಿ ಹುಟ್ಟಿ ಬೆಳೆದ ಹಕ್ಕಿಯನ್ನು ಹೊರಗೆ ಬಿಡಬಾರದೆಂಬುದು ಪಾರಿವಾಳದವರಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ.

ಜುಲೈ ಹನ್ನೊಂದು ಫ್ಲೆಮಿಶರ ನಾಡಹಬ್ಬ. ಆ ದಿನ ಚರ್ಚಿನ ಮುಂದಿನ ಚೌಕದಲ್ಲಿ ಪಕ್ಷದ ದೊಡ್ಡ ಊಟ, ಆ್ಯಂಟ್ವರ್ಪಿನಿಂದ ಪಕ್ಷದ ಅಧ್ಯಕ್ಷರೇ ಬರುವವರು. ಚಿಪ್ಪುಮೀನು ಹಾಲೆಂಡಿನ ಲಾರಿಯಲ್ಲಿ ಬಂದಿತ್ತು, ವೈನು ಫ್ರಾನ್ಸಿನದು, ಡೇರೆ ಗಡಿಯಾಚೆಯ ವಲೋನನಿಂದ ಬಾಡಿಗೆಗೆ ತಂದದ್ದು. 'ಸ್ವಂತ ಸೂರು' ಎಂದು ಬರೆದ ಬ್ಯಾನರನ್ನು ಆ ಬಾಡಿಗೆ ಸೂರಿಗೇ ಕಟ್ಟಿದ್ದರು. ಭಾಷಣದ ಕೊನೆಗೆ ಅಧ್ಯಕ್ಷರು ಒಂದು ಪಾರಿವಾಳ ಹಾರಿಬಿಡಬೇಕು, ಅದು ಎಲ್ಲರ ಕಣ್ಣೆದುರಿಗೆ ಕಾಪೆಲ್ ಬೀದಿಯ ತನ್ನ ಗೂಡಿಗೆ ಹೋಗಿ ಇಳಿಯಬೇಕು ಎಂಬುದು ಡೀಡರಿಕ್‌ನ ಯೋಜನೆ.

ಬೆಳಿಗ್ಗೆ ಹಕ್ಕಿ ಒಯ್ಯಲು ಅವನೇ ಬಂದ. ಓಡಿಲಾನನ ಪಂದ್ಯದ ಹಕ್ಕಿಗಳೆಲ್ಲ ಆ ವಾರ ಲಾರಿಯಲ್ಲಿ ಫ್ರಾನ್ಸಿಗೆ ಹೋಗಿದ್ದವು. ಉಳಿದದ್ದರಲ್ಲಿ ಒಂದು ಬೂದು ಬಣ್ಣದ ಹೆಣ್ಣನ್ನು ಅವನು ಬುಟ್ಟಿಯಲ್ಲಿ ಹಾಕಿಟ್ಟಿದ್ದ.

"ಇದೇನ್ರೀ, ರೈಲ್ವೆ ಸ್ಟೇಷನ್ನಿನ ಪಾರಿವಾಳದ ಥರ ಇದೆ! ಟೀವಿಯವರು ಬರ್ತಿದಾರೆ. ಅಗೋ, ಅದನ್ನ ಕೊಡಿ," ಎಂದು ಡೀಡರಿಕ್ ಬಿಷಪ್ಪಿನತ್ತ ಬೆರಳು ಮಾಡಿದ.

"ಅದನ್ನ ಮುಟ್ಟಬೇಡಿ. ಅದು ಇಲ್ಲಿ ಹುಟ್ಟಿದ್ದಲ್ಲ. ಬಿಟ್ರೆ ಎವಾರಿಸ್ತನ ಮನೆಗೆ ಹೋಗುತ್ತೆ."

"ಎಂಥ ಮಾತು! ಆರು ವರ್ಷ ನಿಮ್ಮ ಜೋಳ ತಿಂದಿದೆ, ನಿಮ್ಮ ನೀರು ಕುಡಿದಿದೆ. ಮಕ್ಕಳು ಮರಿ ಎಲ್ಲಾ ಇಲ್ಲೇ. ಇನ್ನೂ ಅದು ಹೊರಗಿನದಾ?"

ನಲವತ್ತು ವರ್ಷ ಇಲ್ಲಿ ದುಡಿದು ಮೊಮ್ಮಕ್ಕಳನ್ನು ಕಂಡವರನ್ನು ದಿನಕ್ಕೆರಡು ಸಲ ಹೊರಗಿನವರು ಎನ್ನುತ್ತಿದ್ದ ಬಾಯಿ ಅದು. ಪಾರಿವಾಳದ ವಿಷಯದಲ್ಲಿ ಮಾತ್ರ ಅವನು ಉದಾರಿಯಾಗಿಬಿಟ್ಟಿದ್ದ.

"ಆಗಲ್ಲ ಅಂದ್ರೆ ಆಗಲ್ಲ," ಎಂದ ಓಡಿಲಾನ್. ಇದು ಅವನು ಡೀಡರಿಕ್‌ಗೆ ಹೇಳಿದ ಮೊದಲನೆಯ 'ಆಗಲ್ಲ'. ಕೊನೆಯದೂ ಅದೇ.

ಅಷ್ಟರಲ್ಲಿ ಗೋಡಲೀವ ಒಳಗಿನಿಂದ, ಟೈ ಕಟ್ಟಿಕೋ ಬಾ ಎಂದು ಕೂಗಿದಳು. ಓಡಿಲಾನ್ ಟೈ ಕಟ್ಟಿಸಿಕೊಂಡು ಬರುವುದರೊಳಗೆ ಡೀಡರಿಕ್ ಬುಟ್ಟಿಯ ಮುಚ್ಚಳ ಭದ್ರ ಮಾಡಿ ಕಾರಿನಲ್ಲಿಟ್ಟಿದ್ದ. ಹೊತ್ತಾಯಿತು ಹೊತ್ತಾಯಿತು ಎಂದು ಅವಸರ ಮಾಡಿದ. ಓಡಿಲಾನ್ ಹತ್ತಿ ಕೂತ.

ಅಧ್ಯಕ್ಷರು ಸೊಗಸಾಗಿ ಮಾತಾಡಿದರು. ರಕ್ತ, ಮಣ್ಣು, ಅಜ್ಜಂದಿರು, ಕಳ್ಳರು, ಮತ್ತೆ ಮಣ್ಣು. ಕೊನೆಗೆ, "ಈ ಹಕ್ಕಿಯನ್ನು ನೋಡಿ! ಇದು ಹುಟ್ಟಿದ ಸೂರನ್ನು ಮರೆಯುವುದಿಲ್ಲ!" ಎಂದು ಬುಟ್ಟಿಯ ಮುಚ್ಚಳ ತೆಗೆದರು. ವೇದಿಕೆಯ ತುದಿಯಲ್ಲಿ ನಿಂತಿದ್ದ ಓಡಿಲಾನನಿಗೆ ನೇರಳೆ ಕೊರಳು ಕಂಡಿತು. ಬಾಯಿ ತೆರೆದ. ಮುಂದೆ ಮೈಕು, ಎದುರಿಗೆ ಕ್ಯಾಮೆರಾ, ಆರುನೂರು ಜನ. ಬಾಯಿ ಮುಚ್ಚಿದ.

ಬಿಷಪ್ ಚರ್ಚಿನ ಗೋಪುರದ ಸುತ್ತ ಮೂರು ಸುತ್ತು ಹಾಕಿತು. ಆರು ವರ್ಷ ಜಾಲರಿಯೊಳಗೆ ಮಡಿಸಿಟ್ಟಿದ್ದ ರೆಕ್ಕೆಗಳನ್ನು ನೆನಪು ಮಾಡಿಕೊಂಡಿತು. ಆಮೇಲೆ ಕಾಪೆಲ್ ಬೀದಿಗೆ ಬೆನ್ನು ಹಾಕಿ, ನೇರ ತೆಂಕಣಕ್ಕೆ, ಗಡಿಯ ಕಡೆಗೆ ಹೊರಟೇಹೋಯಿತು.

"ನೋಡಿದಿರಾ! ಮನೆಯ ದಾರಿಯನ್ನು ಅದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ!" ಎಂದು ಅಧ್ಯಕ್ಷರು ಕೂಗಿದರು. ಇಡೀ ದಿನದ ಭಾಷಣಗಳಲ್ಲಿ ನಿಜವಾದ ಮಾತು ಅದೊಂದೇ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಬಾವುಟ ಬೀಸಿದರು, ಒಬ್ಬ ಮುದುಕಿ ಅತ್ತೇಬಿಟ್ಟಳು. ಹಕ್ಕಿ ಎತ್ತ ಹೋಯಿತೆಂದು ನೋಡುವ ಗೋಜಿಗೆ ಯಾರೂ ಹೋಗಲಿಲ್ಲ. ನೋಡಿದವರು ಹಿಂದಿನ ಬೆಂಚಿನಲ್ಲಿದ್ದ ಕ್ಲಬ್ಬಿನ ಏಳೆಂಟು ಜನ ಮಾತ್ರ. ಅವರಲ್ಲಿ ಹಳೆಯ ಪೋಸ್ಟ್‌ಮ್ಯಾನ್ ಆಚಿಲ್‌ಗೆ ಬಿಯರು ಮೂಗಿನಿಂದ ಬಂತು.

"ಲೋ ಓಡಿಲಾನ್, ನಿಮ್ಮ ಪಕ್ಷದ ಚಿಹ್ನೆ ಪಕ್ಷಾಂತರ ಮಾಡ್ತಲ್ಲೋ!" ಎಂದು ಅವನು ಹೊಟ್ಟೆ ಹಿಡಿದುಕೊಂಡ. "ಈ ಅಕ್ಟೋಬರಿಗೆ ನನ್ನ ಓಟು ನಿನಗೇ ಕಣೋ. ಇಷ್ಟು ನಗಿಸಿದವರು ಯಾರೂ ಇಲ್ಲ."

ಸಂಜೆ ಎವಾರಿಸ್ತನ ಫೋನು ಬಂತು.

"ಓಡಿಲಾನ್, ನಿನ್ನ ಬಿಷಪ್ ನನ್ನ ಗೂಡಲ್ಲಿ. ಏನೂ ಆಗಿಲ್ಲ, ಸ್ವಲ್ಪ ಬಾಯಾರಿಕೆ. ನೀನು ಅದನ್ನ ಹೊರಗೆ ಬಿಟ್ಟೆಯಾ? ನಿನ್ನ ತಲೆಗೇನಾಯ್ತು?"

"ತಪ್ಪಾಯ್ತು ಕಣೋ. ನಾಳೆ ಬಂದು ತಗೊಂಡು ಹೋಗ್ತೀನಿ."

ಆದರೆ ಡೀಡರಿಕ್ ಬಿಡಲಿಲ್ಲ. ಅಷ್ಟೊತ್ತಿಗಾಗಲೇ ಬಿಷಪ್ಪಿನ ಫೋಟೋ ಪಕ್ಷದ ಕರಪತ್ರದ ಮೇಲೆ ಅಚ್ಚಾಗಲು ಹೋಗಿತ್ತು. "ಪೇಪರಿನವರು ನೋಡಿದ್ರೆ ಏನಂತಾರೆ? ಪಕ್ಷದ ಪಾರಿವಾಳವನ್ನ ವಲೋನನ ಮನೆಯಿಂದ ಬಿಡಿಸ್ಕೊಂಡು ಬಂದ್ರು ಅಂತ ಬರೀತಾರೆ. ಚುನಾವಣೆ ಮುಗಿಯೋವರೆಗೆ ಆ ಕಡೆ ತಲೆ ಹಾಕಬೇಡಿ. ನಿಮ್ಮ ಗೂಡು ಉಳೀಬೇಕಾ ಬೇಡ್ವಾ?"

ಓಡಿಲಾನ್ ಎವಾರಿಸ್ತನಿಗೆ ಮತ್ತೆ ಫೋನು ಮಾಡಿ, ಮಳೆ, ಬೆನ್ನುನೋವು, ಕಾರಿನ ರಿಪೇರಿ ಎಂದು ಏನೇನೋ ಒದರಿದ. ಎವಾರಿಸ್ತ್ ಕೇಳುವಷ್ಟು ಕೇಳಿ, "ಟೀವೀಲಿ ನಿನ್ನ ನೋಡಿದೆ. ಟೈ ಚೆನ್ನಾಗಿತ್ತು," ಎಂದು ಫೋನಿಟ್ಟ. ಓಡಿಲಾನನಿಗೆ ಬೈಸಿಕೊಂಡಿದ್ದರೆ ವಾಸಿ ಎನ್ನಿಸಿತು. ನಾಚಿಕೆಯಿಂದ ಅವನು ಆ ದಿನ ಗೂಡಿನಲ್ಲೇ ಬಹಳ ಹೊತ್ತು ಕೂತ. ಬಿಷಪ್ಪಿನ ಹೆಣ್ಣು ಖಾಲಿ ಖಾನೆಯ ಮುಂದೆ ಗುಟುರು ಹಾಕುತ್ತಿತ್ತು.

ಅಕ್ಟೋಬರಿನ ಎರಡನೆಯ ಭಾನುವಾರ ಊರು ಓಟು ಹಾಕಿತು. ಇಪ್ಪತ್ತೊಂದರಲ್ಲಿ ಹನ್ನೊಂದು ಸೀಟು ಸ್ವಂತ ಸೂರಿಗೆ. ಮೂವತ್ತು ವರ್ಷದಿಂದ ಕುರ್ಚಿಯಲ್ಲಿದ್ದ ಹಳೆಯ ಮೇಯರ್ ತನ್ನ ಹೂಕುಂಡ ಎತ್ತಿಕೊಂಡು ಮನೆಗೆ ಹೋದ. ಇದರಲ್ಲಿ ಒಂದು ಎಡವಟ್ಟೂ ಆಯಿತು. ಆಚಿಲ್ ಪುರಸಭೆಗೆ ಸೇರಿದ ಸುತ್ತಮುತ್ತಲ ಹಳ್ಳಿಗಳ ಪಾರಿವಾಳದವರಿಗೆಲ್ಲ ಬಿಷಪ್ಪಿನ ಕಥೆ ಹೇಳಿದ್ದ. ಅವರೆಲ್ಲ ಬೂತಿನಲ್ಲಿ ನಗುನಗುತ್ತಾ ಓಡಿಲಾನನ ಹೆಸರಿನ ಮುಂದೆ ಗುರುತು ಹಾಕಿ ಬಂದಿದ್ದರು. ಅವನೊಬ್ಬನ ಹೆಸರಿಗೇ ನಾನೂರ ಮೂವತ್ತೆಂಟು ಓಟು. ಗೆಲ್ಲಬಾರದೆಂದೇ ಕೊನೆಯಲ್ಲಿ ನಿಲ್ಲಿಸಿದವನು ಡೀಡರಿಕ್‌ನ ಷಡ್ಡಕನನ್ನು ಹಿಂದೆ ಹಾಕಿ ಗೆದ್ದುಬಿಟ್ಟ.

"ಒಳ್ಳೇದೇ ಆಯ್ತು. ನನ್ನ ಗೂಡನ್ನ ನಾನೇ ಕಾಯ್ಕೋತೀನಿ," ಎಂದ ಓಡಿಲಾನ್ ಮನೆಯಲ್ಲಿ, ಹೊಸ ಕೋಟಿನ ಅಳತೆ ಕೊಡುತ್ತಾ.

"ಕೈ ಎತ್ತು. ಕಂಕುಳು ಬಿಗಿಯಾಗ್ತಿದೆಯಾ ನೋಡ್ತೀನಿ," ಎಂದಳು ಗೋಡಲೀವ. "ಇನ್ಮೇಲೆ ಅದೇ ತಾನೇ ನಿನ್ನ ಕೆಲಸ?"

ಅವಳ ಬಾಯಿಗೆ ಬೀಗವಿಲ್ಲ, ನಿಜ. ಆದರೆ ಅವಳು ಹೇಳಿದ ಹಾಗೆಯೇ ನಡೆಯಿತು. ಮೇಯರ್ ಪಟ್ಟವಾದ ಮೇಲೆ ಡೀಡರಿಕ್‌ಗೆ 'ಓಡಿಲಾನ್ ಅವರೇ' ಎನ್ನುವಷ್ಟು ಪುರಸೊತ್ತಿರಲಿಲ್ಲ. "ನೋಡು ಓಡಿಲಾನ್," ಎಂದ, "ಕಾಗದಪತ್ರ ಎಲ್ಲಾ ಓದೋಕೆ ಹೋಗಬೇಡ, ತಲೆನೋವು. ಸಭೇಲಿ ನನ್ನ ಕೈ ನೋಡ್ತಿರು. ನನ್ನ ಕೈ ಎದ್ರೆ ನಿನ್ನ ಕೈ ಏಳ್ಬೇಕು. ನಮ್ಮದು ಹನ್ನೊಂದು, ಅವರದು ಹತ್ತು. ಒಂದು ಕೈ ಕಮ್ಮಿ ಆದ್ರೂ ಎಲ್ಲಾ ಬಿತ್ತು." ಓಡಿಲಾನ್ ಜನವರಿಯಲ್ಲಿ ಒಂಬತ್ತು ಸಲ, ಫೆಬ್ರವರಿಯಲ್ಲಿ ಹದಿನಾಲ್ಕು ಸಲ ಕೈ ಎತ್ತಿದ. ಚರಂಡಿಗೆ ಎತ್ತಿದ, ಬೀದಿದೀಪಕ್ಕೆ ಎತ್ತಿದ, ಪುರಸಭೆಯ ಮೇಲೆ ಹೊಸ ಸಿಂಹದ ಬಾವುಟಕ್ಕೆ ಎತ್ತಿದ. ಕೋಟು ಎಲ್ಲೂ ಬಿಗಿಯಾಗಲಿಲ್ಲ.

ಮಾರ್ಚ್ ತಿಂಗಳ ಸಭೆಯಲ್ಲಿ ಏಳನೆಯ ವಿಷಯ ಬಂತು: ಪರವಾನಗಿ ಇಲ್ಲದ ಹಿತ್ತಲ ಕಟ್ಟಡಗಳ ತೆರವು. ಜನ ಅಂದು ಕಿಕ್ಕಿರಿದಿದ್ದರು. ಇದು ತುರ್ಕಿಗಳ ಶೆಡ್ಡಿಗೆ ಇಟ್ಟ ಮುಹೂರ್ತ ಎಂದು ಎಲ್ಲರಿಗೂ ಗೊತ್ತಿತ್ತು. ಓಡಿಲಾನನೂ ಹುಮ್ಮಸ್ಸಿನಿಂದಲೇ ಕೂತಿದ್ದ. ಆದರೆ ಕಾರ್ಯದರ್ಶಿ ಓದತೊಡಗಿದ. ಒಂದೇ ಶೆಡ್ಡಿನ ಹೆಸರು ಹಾಕಿದರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲವೆಂದು ಪುರಸಭೆಯ ವಕೀಲರು ಹೇಳಿದ್ದರಂತೆ. ಆದ್ದರಿಂದ ಲೀರ್‌ಹೋವದ ಎಲ್ಲೆಯೊಳಗೆ, ಪರವಾನಗಿ ಇಲ್ಲದೆ ಹಿತ್ತಲಲ್ಲಿ ಕಟ್ಟಿರುವ ಪ್ರತಿಯೊಂದು ಕಟ್ಟಡವನ್ನು, ಯಾವುದೇ ವಿನಾಯಿತಿ ಇಲ್ಲದೆ, ತೊಂಬತ್ತು ದಿನಗಳಲ್ಲಿ ಕೆಡವತಕ್ಕದ್ದು.

ಪ್ರತಿಯೊಂದು ಎಂಬ ಮಾತು ಓಡಿಲಾನನ ಕಿವಿಯಲ್ಲಿ ನಿಂತಿತು. ಅವನು ಡೀಡರಿಕ್‌ನತ್ತ ಬಾಗಿದ.

"ನನ್ನ ಗೂಡು?"

"ನಿನ್ನ ಫೈಲು ನನ್ನ ಡ್ರಾಯರ್ನಲ್ಲಿರುತ್ತೆ. ಮಾತಾಡಬೇಡ, ಜನ ನೋಡ್ತಿದಾರೆ."

"ಯಾವುದೇ ವಿನಾಯಿತಿ ಇಲ್ಲ ಅಂತ ಓದಿದ್ರಲ್ಲ?"

"ಅದು ಅವರಿಗೆ ಓದಿದ್ದು ಕಣಯ್ಯಾ."

ಡೀಡರಿಕ್‌ನ ಕೈ ಎದ್ದಿತು. ಒಂದೊಂದಾಗಿ ಇನ್ನೂ ಒಂಬತ್ತು ಕೈ ಎದ್ದವು, ಒಟ್ಟು ಹತ್ತು. ಓಡಿಲಾನನ ಕೈ ಮೇಜಿನ ಮೇಲೇ ಇತ್ತು. ಹತ್ತಕ್ಕೆ ಹತ್ತಾದರೆ ಠರಾವು ಬೀಳುತ್ತದೆ. ಇಡೀ ಸಭಾಂಗಣ ಆ ಕೈಯನ್ನು ನೋಡುತ್ತಿತ್ತು. ಮೂವತ್ತೊಂಬತ್ತು ಹಕ್ಕಿಗಳ ಗತಿ ಆ ಐದು ಬೆರಳುಗಳಲ್ಲಿದೆಯೆಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ ಎಂದು ಅವನ ಪರವಾಗಿ ಹೇಳಲು ನನಗೂ ಆಸೆ, ಆದರೆ ಹಾಗಲ್ಲ. ಹಿಂದಿನಿಂದ ಯಾರೋ, "ಏನಯ್ಯಾ, ತುರ್ಕಿಗಳ ಮೇಲೆ ಪ್ರೀತಿ ಬಂತಾ?" ಎಂದು ಕಿಚಾಯಿಸಿದರು. ನಗು ಎದ್ದಿತು. ಓಡಿಲಾನನ ಕಿವಿ ಕೆಂಪಾದವು, ಕೈ ತಾನೇತಾನಾಗಿ ಮೇಲಕ್ಕೆ ಹೋಯಿತು.

ಮಾರನೆಯ ವಾರ ಪುರಸಭೆಯ ಇನ್ಸ್‌ಪೆಕ್ಟರು, ಡೀಡರಿಕ್, ಇಬ್ಬರು ಫೋಟೋದವರು ಬ್ರಷ್ ಕಾರ್ಖಾನೆಯ ಹಿಂದಿನ ಶೆಡ್ಡಿಗೆ ಮೆರವಣಿಗೆ ಹೋದರು. ಓಡಿಲಾನನನ್ನೂ ಕರೆದೊಯ್ದರು. ಬಾಗಿಲು ತೆಗೆದ ನೆವ್ಜಾತ್‌ನ ಕೈಯಲ್ಲಿ ದಪ್ಪನೆಯ ಫೈಲಿತ್ತು.

"ಬನ್ನಿ ಬನ್ನಿ. ಯಾವುದು ಬೇಕು? ಕಟ್ಟಡದ ಪರವಾನಗಿ, ಬೆಂಕಿ ಇಲಾಖೆಯದ್ದು, ಕಿಟಕಿ ಅಗಲ ಮಾಡಿದ್ದಕ್ಕೆ ಬೇರೆ, ಚರಂಡಿಗೆ ಬೇರೆ. ಶೌಚಾಲಯದ ಬಾಗಿಲು ತಿರುಗಿಸಿ ಹಾಕಿದ್ದಕ್ಕೂ ಒಂದಿದೆ," ಎಂದು ಅವನು ಒಂದೊಂದೇ ತೆಗೆದು ಇನ್ಸ್‌ಪೆಕ್ಟರಿನ ಕೈಗಿಟ್ಟ. "ನಾವು ಮೊಳೆ ಹೊಡೆ‌ಯೋಕೆ ಮುಂಚೆ ಸೀಲು ಹಾಕಿಸ್ಕೊಳ್ಳೋರು ಸ್ವಾಮೀ. ಕಲಿಸಿದವರು ನೀವೇ."

ಇನ್ಸ್‌ಪೆಕ್ಟರು ಮುಕ್ಕಾಲು ಗಂಟೆ ಹುಡುಕಿದ. ಒಂದು ಅಲ್ಪವಿರಾಮವೂ ಕಮ್ಮಿ ಇರಲಿಲ್ಲ. ಡೀಡರಿಕ್ ಮುಖ ಹುಳ್ಳಗೆ ಮಾಡಿಕೊಂಡ. ನೆವ್ಜಾತ್ ಓಡಿಲಾನನ ಕಡೆ ತಿರುಗಿ, "ಏನೋ ಬಾಕಲಾಂಟ್, ನಿನ್ನ ಗೂಡಿಗೆ ಪೇಪರಿದೆ ತಾನೇ?" ಎಂದು ಕೇಳಿದ. ಅಣಕಿಸಿದನೋ ಕಾಳಜಿಯಿಂದ ಕೇಳಿದನೋ ಓಡಿಲಾನನಿಗೆ ತಿಳಿಯಲಿಲ್ಲ. ಎರಡೂ ಇದ್ದಿರಬಹುದು.

ತೊಂಬತ್ತು ದಿನ ಮುಗಿದಾಗ ಠರಾವಿನ ಬಲೆಗೆ ಬಿದ್ದಿದ್ದವು ಹನ್ನೊಂದು ಪಾರಿವಾಳದ ಗೂಡುಗಳು, ಎರಡು ಕೋಳಿಮನೆ, ಮತ್ತು ಒಬ್ಬ ವಿಧವೆ ತನ್ನ ಹಿತ್ತಲಲ್ಲಿ ಕಟ್ಟಿಸಿದ್ದ ಮಾತೆ ಮರಿಯಮ್ಮನ ಸಿಮೆಂಟಿನ ಗುಹೆ. ಪಕ್ಕದ ಮನೆಯ ವಕೀಲ ಪೇಪರಿಗೆ ಬರೆದ: ಕೈ ಎತ್ತಿದ ಸದಸ್ಯನ ಗೂಡಿಗೇ ವಿನಾಯಿತಿಯೋ? ಅವತ್ತೇ ಓಡಿಲಾನನ ಫೈಲು ಡ್ರಾಯರಿನಿಂದ ಹೊರಬಂತು.

"ನಿಮ್ಮ ಮಾತು?" ಎಂದ ಓಡಿಲಾನ್.

"ಒಂದು ನಿಮಿಷ ಯೋಚನೆ ಮಾಡು," ಎಂದು ಮೇಯರ್ ಅವನ ಹೆಗಲ ಮೇಲೆ ಕೈ ಹಾಕಿದ. "ನಮ್ಮ ಗೂಡನ್ನ ನಾವೇ ಮೊದಲು ಕೆಡವಿದ್ವಿ ಅಂದ್ರೆ ಜನ ಏನಂತಾರೆ? ಇದಪ್ಪಾ ತ್ಯಾಗ ಅಂತಾರೆ. ಟೀವಿಯವರಿಗೆ ಹೇಳಿದೀನಿ. ಟೈ ಹಾಕ್ಕೊಂಡು ನಿಂತ್ಕೊ."

ಓಡಿಲಾನ್ ಟೈ ಹಾಕಲಿಲ್ಲ. ಗೂಡು ಒಂದು ಬೆಳಿಗ್ಗೆಯಲ್ಲಿ ಉರುಳಿತು. ಎಷ್ಟೋ ಸಂಜೆಗಳ ಹಲಗೆಗಳನ್ನು ಯಂತ್ರ ಇಪ್ಪತ್ತು ನಿಮಿಷದಲ್ಲಿ ಲಾರಿಗೆ ತುಂಬಿತು. ಹಿಂದಿನ ದಿನವೇ ಅವನು ಹಕ್ಕಿಗಳನ್ನು ಬುಟ್ಟಿಗಳಲ್ಲಿ ತುಂಬಿ, ಕರೆಯದಿದ್ದರೂ, ಎವಾರಿಸ್ತನ ಬಾಗಿಲಿಗೆ ಹೋಗಿ ನಿಂತಿದ್ದ.

ಎವಾರಿಸ್ತ್ ಬುಟ್ಟಿಗಳನ್ನು ನೋಡಿದ, ಅವನ ಮುಖ ನೋಡಿದ. "ಒಳಗೆ ತಾ," ಎಂದಷ್ಟೇ ಹೇಳಿದ. ಬಿಷಪ್ ಅಲ್ಲಿ ಬಿಡುಬೀಸಾಗಿ ಮನೆಯ ಮೇಲೆ ಓಡಾಡಿಕೊಂಡಿತ್ತು, ಮೊದಲಿಗಿಂತ ದಪ್ಪವಾಗಿತ್ತು. ಅದು ಓಡಿಲಾನನ ಗುರುತು ಹಿಡಿದಂತೆ ಕಾಣಲಿಲ್ಲ. ಕಾಫಿ ಕುಡಿಯುವಾಗ ಓಡಿಲಾನ್ ಕ್ಷಮೆ ಕೇಳಲು ನೋಡಿದ. ಅದಕ್ಕೆ ಬೇಕಾದ ಫ್ರೆಂಚು ಅವನಿಗೆ ಬರುತ್ತಿರಲಿಲ್ಲ, ಫ್ಲೆಮಿಶಿನಲ್ಲೂ ಅವನು ಅದನ್ನು ಎಂದೂ ಆಡಿ ರೂಢಿಯಿರಲಿಲ್ಲ.

"ನಾನು ಆರು ವಾರ ಒಳಗೇ ಇಟ್ಟು ನೋಡ್ತೀನಿ," ಎಂದ ಎವಾರಿಸ್ತ್. "ಆದ್ರೆ ನಿನಗೂ ಗೊತ್ತು, ನನಗೂ ಗೊತ್ತು."

ಆರು ವಾರ ಕಳೆದು, ಆಗಸ್ಟಿನ ಒಂದು ಬೆಳಿಗ್ಗೆ ಎವಾರಿಸ್ತ್ ಫೋನು ಮಾಡಿದ. "ಹತ್ತು ನಿಮಿಷದ ಹಿಂದೆ ಬಾಗಿಲು ತೆಗೆದೆ. ಎಲ್ಲಾ ಹೊರಟವು."

ಓಡಿಲಾನ್ ಹಿತ್ತಲಿಗೆ ಹೋಗಿ, ಗೂಡಿದ್ದ ಜಾಗದ ಬೋಳು ಮಣ್ಣಿನ ಮೇಲೆ ನಿಂತ. ಕೈಯಲ್ಲಿ ಜೋಳದ ತಗಡಿನ ಡಬ್ಬಿ. ಒಂದು ಗಂಟೆಯೊಳಗೆ ಪುರಸಭೆಯ ಬಾವುಟದ ಹಿಂದಿನಿಂದ ಬಂದವು. ಒಂದಲ್ಲ, ಎರಡಲ್ಲ, ಮೂವತ್ತೊಂಬತ್ತೂ ಬಂದವು. ಹಿತ್ತಲ ಮೇಲೆ ಬಂದು ರೆಕ್ಕೆ ತಗ್ಗಿಸಿದವು. ಇಳಿಯಲು ಹಲಗೆ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಗಾಬರಿಯಿಂದ ಮೇಲೆದ್ದು ಸುತ್ತು ಹಾಕಿದವು, ಮತ್ತೆ ತಗ್ಗಿದವು, ಮತ್ತೆ ಎದ್ದವು. ದಾರಿ ತಪ್ಪಿದೆವೆಂದು ಅವಕ್ಕೆ ಅನ್ನಿಸಿರಬೇಕು. ದಾರಿ ಸರಿಯಾಗಿಯೇ ಇತ್ತು.

ಓಡಿಲಾನ್ ಡಬ್ಬಿ ಅಲ್ಲಾಡಿಸಿದ, ಶಿಳ್ಳೆ ಹಾಕಿದ. ಕಣ್ಣಲ್ಲಿ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳದೆ, ಇಲ್ಲೇ ಇಲ್ಲೇ ಎಂದು ಬಲಗೈಯನ್ನು ಆದಷ್ಟು ಮೇಲಕ್ಕೆ ಎತ್ತಿ ಬೀಸತೊಡಗಿದ. ಗೋಡಲೀವ ಹಿಂದಿನಿಂದ ಬಂದು ಅವನ ಪಕ್ಕದಲ್ಲಿ ನಿಂತಳು. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಅವಳ ದನಿಯಲ್ಲಿ ಕುಚೋದ್ಯವಿರಲಿಲ್ಲ.

"ಕೈ ಇಳಿಸು ಓಡಿಲಾನ್," ಎಂದಳು. "ಆ ಕೈ ಎತ್ತಿದ್ದು ಸಾಕು."

ಅವನು ಕೈ ಇಳಿಸಿದ. ಹಕ್ಕಿಗಳು ಇಳಿಯಲಿಲ್ಲ.